ಎಳೆ ಬಿಟ್ಟು ಕೆಚ್ಚಿದ ದಿನ

ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಮಗ್ಗ. ಬೀಮಿನ, ಅಂದರೆ ಹಾಸುನೂಲು ಸುತ್ತಿದ ಉರುಳೆಯ, ನೂಲು ತೀರುತ್ತ ಬಂದಾಗ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಬೀಮಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ. ಎಣಿಸುವ ಹಾಗಿಲ್ಲ, ಎಣಿಸಿದರೆ ನೂಲು ಹರಿಯುತ್ತದೆಂದು ಅತ್ತೆಯ ನಂಬಿಕೆ. ಎಣಿಸುವ ಅಗತ್ಯವೂ ಇಲ್ಲ. ಕೊನೆಗೆ ಯಾವ ಎಳೆಯೂ ಉಳಿಯದಿದ್ದರೆ ಎರಡೂ ಕಡೆ ಸಮ.

ಮದುವೆಯಿಂದ ನಿಂತುಹೋದ ಬಿ.ಎಸ್ಸಿ. ಮುಗಿಸಬೇಕೆಂಬುದು ನನ್ನ ಹಠ. ಉಳಿದದ್ದು ಗಣಿತದ ಒಂದೇ ಪೇಪರು. ಜಮಖಂಡಿಯ ಕಾಲೇಜಿನಲ್ಲಿ ಪರೀಕ್ಷೆಯ ಫಾರ್ಮ್ ತುಂಬಲು ಅಂದೇ ಕಡೆಯ ದಿನ. ಮುಂಜಾನೆಯೇ ತಯಾರಾಗಿ ನಿಂತಿದ್ದೆ.

"ಇದೊಂದು ಬೀಮ್ ಕೆಚ್ಚಿ ಹೋಗ ಯವ್ವಾ. ಮಧ್ಯಾಹ್ನದ ಬಸ್ ಸಿಗತೈತಿ," ಅಂದರು ಅತ್ತೆ.

ಅವರ "ಇದೊಂದು" ಎಂಬುದಕ್ಕೆ ಕೊನೆಯಿಲ್ಲವೆಂದು ಗೊತ್ತಿದ್ದೂ ಕೂತೆ.

ಕೈ ಹೊಸೆಯುತ್ತಿದ್ದರೂ ತಲೆ ಗಣಿತದ ಪುಸ್ತಕದಲ್ಲಿತ್ತು. ಗ್ರೀಕರಿಗೆ ಅನಂತವೆಂದರೆ ಇನ್ನೊಂದು, ಮತ್ತೊಂದು, ಅಷ್ಟೇ, ಎಂದೂ ಪೂರ್ತಿಯಾಗದ್ದು. ಅವರೂ ಯಾರೋ ಅತ್ತೆಯ ಕೈಕೆಳಗೆ ಬಾಳಿರಬೇಕು. ನಮ್ಮ ಜೈನರು ಅನಂತದಲ್ಲೂ ಹಲವು ಬಗೆ ಎಂದು ಹಿಂದೆಯೇ ಹೇಳಿಟ್ಟಿದ್ದರು. ಎಷ್ಟೋ ಶತಮಾನ ಕಳೆದ ಮೇಲೆ ಜರ್ಮನಿಯವನೊಬ್ಬ ನಮ್ಮ ಹಾಗೆಯೇ, ಎಣಿಸದೆ, ಎಲ್ಲ ಸಂಖ್ಯೆಗಳಿಗೆ ಸಮಸಂಖ್ಯೆಗಳನ್ನಷ್ಟೇ ಜೋಡಿಸಿ ನೋಡಿದ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು. ಸಾಲಿಗೆ ಕೊನೆಯೇ ಇಲ್ಲದ್ದರಿಂದ, ಒಂದು ಬಿಟ್ಟು ಒಂದು ಸಂಖ್ಯೆಯನ್ನು ಕೈಬಿಟ್ಟರೂ ಎಲ್ಲಕ್ಕೂ ಜೋಡಿ ಸಿಗುತ್ತದೆ! ಆ ಖುಷಿಗೆ ನನ್ನ ಕೈ ಚುರುಕಾಯಿತು.

"ಏನ ಮಾಡೀಬೇ ಇದು?"

ಅತ್ತೆ ಕೂಗಿದಾಗಲೇ ಕಣ್ಣು ಬಿಟ್ಟು ನೋಡಿದ್ದು. ಹಳೆಯ ಎಳೆಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಕೆಚ್ಚುತ್ತ ಬಂದಿದ್ದೆ. ಉಳಿದ ಅರ್ಧ ಎಳೆಗಳು ಜೋಡಿಯಿಲ್ಲದೆ ಜೋತಾಡುತ್ತಿದ್ದವು.

"ಮುಗೀಲಾರದ್ದಾಗಿದ್ದರ ಹಿಂಗ ಮಾಡಿದರೂ ಸರಿ ಬರತಿತ್ತ್ರಿ," ಎಂದೆ ಅಳುತ್ತಲೇ.

"ನೂಲು ಮುಗಿಯೂದೈತಿ. ಬಿಚ್ಚು."

ಅವರೂ ಎದುರಿಗೆ ಕೂತು ಬಿಚ್ಚಿದರು, ಮತ್ತೆ ಕೆಚ್ಚಿದರು. ಒಂದೂ ಕೆಟ್ಟ ಮಾತಾಡಲಿಲ್ಲ. ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಕಾಲೇಜು ಮುಚ್ಚಿ ಎಷ್ಟೋ ಹೊತ್ತಾಗಿತ್ತು.

"ಮುಂದಿನ ವರ್ಷ ತುಂಬುವಂತಿ, ತಗೋ," ಎಂದು ಅತ್ತೆ ಚಹಾ ಕೊಟ್ಟರು.

ಅಂದಿನ ತಪ್ಪು ನನ್ನದೇ, ಅದಕ್ಕೇ ಹೆಚ್ಚು ಸುಡುತ್ತದೆ. ಆಮೇಲೆ ವರ್ಷವರ್ಷವೂ ಅದೇ ಮಾತು ಕೇಳಿದ್ದೇನೆ. ನನ್ನ ಒಂದೊಂದು ವರ್ಷಕ್ಕೂ ಅತ್ತೆಯ ಒಂದೊಂದು "ಮುಂದಿನ ವರ್ಷ" ಸರಿಯಾಗಿ ಜೋಡಿಯಾಯಿತು. ನನಗೆಂದು ಒಂದೂ ಉಳಿಯಲಿಲ್ಲ.