ಅತ್ತೆಯ ಬೆನ್ನು, ನನ್ನ ಕಾಲು

ಬಚ್ಚಲ ಮುಂದೆ ಕಾಲು ನೀಡಿ ಕೂತು, ಐದು ತಿಂಗಳ ಮಗಳನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಿದ್ದೆ. ಅತ್ತೆಯ ಊರು ಕ್ಯಾಸಂಬಳ್ಳಿ ಕಡೆಯಿಂದ ಚಿನ್ನದ ಗಣಿಯ ನಮ್ಮ ಲೈನು ಮನೆಗಳಿಗೆ ಹಾಲು ತರುತ್ತಿದ್ದವನು ಬಾಗಿಲಲ್ಲೇ ನಿಂತು ಕೂಗಿದ.

"ಅಕ್ಕಾ, ನಿಮ್ಮತ್ತೆ ಕೊಡ ಎತ್ತಾಕೋಗಿ ಬೆನ್ನು ಇಡ್ಕಂಡು ಮಲಗ್ಬುಟ್ಟವ್ರೆ. ಏಳಾಕೇ ಆಗ್ತಿಲ್ಲ. ನಿಮ್ಮ ಕಾಲು ಇರೋದೇ ಅದಕ್ಕಲ್ವಾ, ಬ್ಯಾಗ ಓಗಿ."

ಕಾಲಿನ ವಿಷಯ ಹೇಳಬೇಕು. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಹಿಡಿದುಕೊಂಡ ಬೆನ್ನನ್ನು ಪಾದದಿಂದ ಮೂರು ಸಲ ನೀವಿದರೆ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಮ್ಮ ಮೈಸೂರು ಮೈನ್ಸ್ ಗಣಿಯ ಹೆಂಗಸರು, ತಮಿಳರು ತೆಲುಗರು ಎನ್ನದೆ, ನಮ್ಮ ಜಗಲಿಯ ಮೇಲೆ ಬಂದು ಬೋರಲು ಮಲಗುತ್ತಿದ್ದರು. ಆದರೆ ಅತ್ತೆಯ ಮೈಗೆ ಸೊಸೆ ಕಾಲು ತಾಗಿಸುವುದುಂಟೇ? ಅರಿಯದೆ ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು.

ಯಜಮಾನರು ಆಗಲೇ ಗಣಿಗೆ ಇಳಿದಿದ್ದರು. ಪಕ್ಕದ ಮನೆಯಲ್ಲಿ ಹೇಳಿ, ಎಣ್ಣೆ ಮೈಯ ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಹುಲ್ಲಿನ ಗಾಡಿಯೊಂದು ಸಿಕ್ಕಿತು. ಭಗವಂತ ಅಷ್ಟು ಮಾಡಿದ.

ಅತ್ತೆ ಚಾಪೆಯ ಮೇಲೆ ಬಿದ್ದಿದ್ದರು. ನನ್ನನ್ನು ಕಂಡವರೇ, "ಏನೇ, ನನ್ನ ಬೆನ್ನು ತುಳಿಯಾಕೆ ಓಡ್ಬಂದ್ಯಾ? ಸೊಸೆ ಕಾಲಿಂದ ಏಳೋದಕ್ಕಿಂತ ಇಲ್ಲೇ ಬಿದ್ದಿರ್ತೀನಿ" ಅಂದರು.

"ಕೈಯಲ್ಲೇ ನೀವ್ತೀನಿ ಅತ್ತೆಮ್ಮಾ."

ಎರಡು ದಿನ ಹೊಂಗೆ ಎಣ್ಣೆ ಬೆಚ್ಚಗೆ ಮಾಡಿ ಸೊಂಟದಿಂದ ಮೇಲಕ್ಕೆ ನೀವಿದೆ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಬೆನ್ನು ಹಲಗೆಯ ಹಾಗೆ ಬಿಗಿದೇ ಇತ್ತು. ನನ್ನ ಬಾಣಂತನದಲ್ಲಿ ಇದೇ ಅತ್ತೆ ದಿನಾ ನನ್ನ ಸೊಂಟ ತಿಕ್ಕಿದ್ದರು. ತಿಕ್ಕುತ್ತಲೇ ನನ್ನ ತವರನ್ನು ಬೈಯುತ್ತಿದ್ದರು. ಹೆಬ್ಬೆರಳು ಮಾತ್ರ ನೋವಿದ್ದ ಕಡೆಗೇ ಹೋಗಿ ನಿಲ್ಲುತ್ತಿತ್ತು. ಈಗ ಅವರ ಬೆನ್ನೆಲುಬು ಒಂದೊಂದಾಗಿ ನನ್ನ ಬೆರಳಿಗೆ ಸಿಕ್ಕಿತು. ಇಷ್ಟು ಬಡವಾಗಿದ್ದಾರೆಂದು ಸೀರೆಯ ಮೇಲಿಂದ ನನಗೆ ಯಾವತ್ತೂ ತಿಳಿದಿರಲಿಲ್ಲ. ಎಣ್ಣೆ ಕೈ ಒಬ್ಬರ ಮೈಮೇಲಿರುವಾಗ ಹಳೇ ಸಿಟ್ಟನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ.

ಮೂರನೆಯ ಬೆಳಿಗ್ಗೆ ಅವರಿಗೆ ಎದ್ದು ಹೋಗಲಾಗದೆ ಚಾಪೆಯಲ್ಲೇ ಒದ್ದೆಯಾಯಿತು. ಸೀರೆ ಬದಲಿಸಿದೆ. ಆಮೇಲೆ ಅವರೇ ಗೋಡೆ ಕಡೆ ಮುಖ ತಿರುಗಿಸಿ, "ನಾನು ಗೋಡೆ ನೋಡ್ತಾ ಇರ್ತೀನಿ. ಯಾರ ಕಾಲು ಅಂತ ನಂಗೆ ಗೊತ್ತಾಗಕಿಲ್ಲ" ಅಂದರು.

ಕಾಲು ತೊಳೆದೆ, ಪಾದಕ್ಕೆ ಅರಿಶಿನ ಹಚ್ಚಿದೆ, ದೇವರ ಗೂಡಿಗೆ ಕೈಮುಗಿದು ತಪ್ಪಾಯಿತು ಅಂದೆ. ಅತ್ತೆಗೂ ಕೈಮುಗಿದೆ. ಮತ್ತೆ ದೇವರ ಕಡೆ ತಿರುಗಿದೆ.

"ಬೇಗ ಮುಗಿಸೇ! ಗೌರಮ್ಮನ್ನ ಕೂರಿಸ್ತಾ ಇದೀಯಾ, ಬೆನ್ನು ನೀವ್ತಾ ಇದೀಯಾ?"

ನಗು ಬಂತು. ಆ ನಗುವಿನಲ್ಲೇ ಹೆದರಿಕೆ ಬಿಟ್ಟಿತು. ಗೋಡೆ ಹಿಡಿದುಕೊಂಡು, ಭಾರ ಹಾಕದೆ, ಬಲಗಾಲಿನಿಂದ ಮೂರು ಸಲ ನೀವಿದೆ. ಮೂರನೆಯ ಸಲಕ್ಕೆ ಅವರು ಉದ್ದಕ್ಕೆ ಉಸಿರು ಬಿಟ್ಟರು. ಕೆಳಗೆ ಕೂತು ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಗುಣ ಕಾಲಿನದೋ, ಎರಡು ದಿನದ ಎಣ್ಣೆಯದೋ, ಅವರೇ ಬೆನ್ನನ್ನು ಬಿಗಿಹಿಡಿಯುವುದನ್ನು ಬಿಟ್ಟರೋ, ನಾನು ಹೇಳಲಾರೆ. ದೇವರಿಗೆ ಗೊತ್ತು. ಹೊತ್ತೇರುವಷ್ಟರಲ್ಲಿ ನನ್ನ ತೋಳು ಹಿಡಿದು ಎದ್ದು ಕೂತರು, ಗಂಜಿಯನ್ನು ತಮ್ಮ ಕೈಯಲ್ಲೇ ಕುಡಿದರು. ಆಮೇಲೆ ಗೋಡೆಗೊರಗಿ ಮೆಲ್ಲಗೆ ಎರಡೂ ಕಾಲು ನೀಡಿದರು.

"ಮಗೂನ ಇಲ್ಲಿ ತತ್ತಾ. ಮೂರು ದಿನದಿಂದ ನೆಟ್ಟಗೆ ಎಣ್ಣೆ ಕಂಡಿಲ್ಲ, ಮೈಯೆಲ್ಲಾ ಒರಟಾಗೈತೆ. ತಿಕ್ಕೋದು ನಾನು, ನೀರು ನೀನು ಉಯ್ಯಿ."

ಮಗುವನ್ನು ಅವರ ಕಾಲ ಮೇಲೆ ಮಲಗಿಸಿ, ಹಂಡೆಯ ಕೆಳಗೆ ಉರಿ ಹಾಕಲು ಹೋದೆ.