ಪೂಜೆಗೆ ಕೂತ ಕಂಪ್ಯೂಟರ್

ಕಾದ ಧೂಳಿಗೊಂದು ವಾಸನೆಯಿದೆ. ಮೊನ್ನೆ ಬೆಳಗಾವಿಯ ನಮ್ಮ ಆಫೀಸಿನಲ್ಲಿ ಹಳೆಯ ಸರ್ವರಿನ ಮುಚ್ಚಳ ತೆಗೆದಾಗ ಅದು ಮೂಗಿಗೆ ಬಡಿಯಿತು. ಪಕ್ಕದ ಮೇಜಿನವನು ಎದ್ದು ಕಿಟಕಿ ತೆರೆದ. ನನಗೆ ಮಾತ್ರ ಅದರಲ್ಲಿ ಊದಿನಕಡ್ಡಿಯ ಹೊಗೆಯೂ ಬೆರೆತಂತೆ ಅನ್ನಿಸಿತು. ಬೆರೆತಿರಲಿಲ್ಲ, ಗೊತ್ತು. ಆದರೂ...

ರಾಮದುರ್ಗದಲ್ಲಿ ನಮ್ಮ ಪಕ್ಕದ ಮನೆಯಾಕೆ, ನಾನು ಕಾಕು ಅಂದರೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದವರು, ಸೀರೆಯ ದಡಿಗಳ, ಅಂದರೆ ಅಂಚುಗಳ, ಡಿಸೈನ್ ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ, ಅದರಂತೆ ರಟ್ಟಿಗೆ ತೂತು ಹೊಡೆಸಿ ಕೊಡುತ್ತಿದ್ದರು. ಆ ರಟ್ಟನ್ನು ಏರಿಸಿದರೆ ಓಣಿಯ ಮಗ್ಗಗಳಲ್ಲಿ ದಡಿ ಮೂಡುತ್ತಿತ್ತು. ಅವರ ಡಿಸೈನ್ ಪ್ರೋಗ್ರಾಮ್ ಓಡುತ್ತಿದ್ದದ್ದು ಮಾತ್ರ ಓಬೀರಾಯನ ಕಾಲದ ವಿಂಡೋಸಿನಲ್ಲಿ. ಅದನ್ನು ಮಾರಿದವನ ಪತ್ತೆಯಿರಲಿಲ್ಲ. ಹೀಗಾಗಿ ನಾನು ಹಿಂದೊಮ್ಮೆ ಆ ಇಡೀ ಹಳೆಯ ಕಂಪ್ಯೂಟರನ್ನೇ ಒಂದು ಫೈಲಾಗಿಸಿ, ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಓಡುವಂತೆ ಮಾಡಿಕೊಟ್ಟಿದ್ದೆ. ನಮ್ಮ ಭಾಷೆಯಲ್ಲಿ ಅದು ವರ್ಚುವಲ್ ಮಶೀನ್. ಕಾಕುವಿನ ಭಾಷೆಯಲ್ಲಿ ‘ಬಸುರಿ ಕಂಪ್ಯೂಟರ್’.

ಕೆಲವು ವರ್ಷಗಳ ಹಿಂದೆ ಆ ಬಸುರಿಗೇ ಕಾಯಿಲೆ ಬಂತು. ಬಿಸಿಯೇರಿ ತಾನಾಗಿ ಆರಿಹೋಗುತ್ತಿತ್ತು. ದಸರೆಯ ರಜೆಗೆ ಊರಿಗೆ ಬಂದವಳು ಫೈಲನ್ನು ಹೊಸ ಕಂಪ್ಯೂಟರಿಗೆ ಹಾಕಿದೆ. ನೀಲಿ ಪರದೆ ಬಂದು ನಿಂತಿತು. ಕಾರಣ ಸರಳ. ವಿಂಡೋಸಿಗೂ ಡಿಸ್ಕಿಗೂ ನಡುವೆ ಕಂಟ್ರೋಲರ್ ಎಂಬ ಒಬ್ಬ ದಲ್ಲಾಳಿಯಿರುತ್ತಾನೆ. ಹೊಸ ಕಂಪ್ಯೂಟರಿನಲ್ಲಿ ದಲ್ಲಾಳಿಯ ಜಾತಿ ಬೇರೆ. ಹಳೆಯ ವಿಂಡೋಸ್ ಅವನ ಮುಖವನ್ನೇ ನೋಡಿರಲಿಲ್ಲ, ಬಾಗಿಲು ತೆರೆಯಲಿಲ್ಲ. ದೀಪಾವಳಿಯ ಸೀರೆಗಳಿಗೆ ರಟ್ಟು ಬೇಕೆಂದು ನೇಕಾರರು ಆಗಲೇ ಅಂಗಳಕ್ಕೆ ಬಂದು ಹೋಗುತ್ತಿದ್ದರು. ಕಾಕುವಿನಿಂದ ಆಗದಿದ್ದರೆ ಬೇರೆ ಊರಿನ ಡಿಸೈನರ್ ಕಡೆ ಹೋಗುತ್ತಿದ್ದರು. ಹೋದವರು ತಿರುಗಿ ಬರುವುದಿಲ್ಲ ಎಂಬುದು ಕಾಕುವಿಗೆ ಗೊತ್ತಿತ್ತು.

ನನಗೆ ಭರವಸೆಯಿದ್ದ ಉಪಾಯ ಒಂದೇ. ಹಳೆಯ ಕಂಪ್ಯೂಟರಿನಲ್ಲೇ ಆ ವಿಂಡೋಸಿಗೆ ಹೊಸ ಜಾತಿಯ ಕಂಟ್ರೋಲರಿನ ಮೂಲಕ ಒಂದು ಸಣ್ಣ ಖಾಲಿ ಡಿಸ್ಕ್ ಜೋಡಿಸುವುದು. ಹಳೆಯ ದಾರಿಯಲ್ಲೇ ಎದ್ದ ವಿಂಡೋಸ್ ಒಳಗಿನಿಂದ ಹೊಸಬನ ಗುರುತು ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಎಲ್ಲಿ ಬೇಕಾದರೂ ಒಯ್ಯಬಹುದು. ಆದರೆ ಅದಕ್ಕೆ ಹಳೆಯದು ಇನ್ನೊಮ್ಮೆ ಏಳಬೇಕು.

“ಹಾಸು ಕೆಚ್ಚಿದಂಗ ಅನ್ನು,” ಎಂದರು ಕಾಕು. ಮಗ್ಗದಲ್ಲಿ ಹಾಸಿನ ಉದ್ದೆಳೆಗಳು ಮುಗಿಯುವ ಮೊದಲೇ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಹಳೆಯದೇ ಹೊಸದನ್ನು ಎಳೆದು ತರುತ್ತದೆ.

“ಹೂಂ ಕಾಕೂ. ಬಿಡ್ರಿ, ಚಾಲೂ ಮಾಡತೇನಿ.”

“ಇವತ್ತ ಬ್ಯಾಡ. ನಾಳೆ.”

ಅಂದು ಖಂಡೇಪೂಜೆ, ಆಯುಧಪೂಜೆಯ ದಿನ. ಹಳೆಯ ಕಂಪ್ಯೂಟರಿನ ನೆತ್ತಿಗೆ ಆಗಲೇ ವಿಭೂತಿ, ಕುಂಕುಮ, ಚೆಂಡುಹೂ ಏರಿದ್ದವು. ಪಕ್ಕದಲ್ಲಿ ಕತ್ತರಿ, ಅಳತೆಪಟ್ಟಿ, ತೂತು ಹೊಡೆಯುವ ಯಂತ್ರ. ಒಳಗೆ ಸಾಯುತ್ತಿರುವ ಯಂತ್ರ, ಹೊರಗೆ ಹೂವಿನ ಅಲಂಕಾರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಗೆ ನನ್ನದು, ಸುಮ್ಮನಿರಲಿಲ್ಲ.

“ಪೂಜಿಗೆ ಕುಂತದ್ದನ್ನ ಎಬ್ಬಿಸಬಾರ್ದು ಅಂತ ಯಾರ ಹೇಳ್ಯಾರ?”

“ನಮ್ಮತ್ತಿ.”

“ಅವರಿಗೆ ಯಾರ ಹೇಳಿದ್ರು?”

“ಅವರತ್ತಿ. ಸಾಕ್ಷಿಗೆ ಕರಸ್ಲೇನ, ವಕೀಲಬಾಯಿ?”

ಮಿಕ್ಸರಿನ ಹಣೆಗೂ ಕುಂಕುಮವಿತ್ತು. ಕುಂಕುಮವಿಟ್ಟ ಮೇಲೂ ಅದರಲ್ಲೇ ಚಟ್ನಿ ಅರೆದಿದ್ದರು. ಅದನ್ನು ಎತ್ತಿ ತೋರಿಸಿದೆ.

“ಅದು ನಾಲಿಗಿದು. ಇದು ಅನ್ನದ್ದು,” ಎಂದರು. “ಭಟ್ಟರ ಮನಿ ಹುಡುಗಿ ನೀ. ನಾ ನಿನಗ ಹೇಳಿಕೊಡಬೇಕಾತಲ್ಲ!”

“ನಾಳೆ ಅದು ಏಳಲಿಲ್ಲಂದ್ರ?”

ಕಾಕು ನೆಟ್ಟಗಿದ್ದ ಹೂವನ್ನೇ ಮತ್ತೆ ಮತ್ತೆ ಸರಿಪಡಿಸಿದರು. ಅವರಿಗೆ ಹೆದರಿಕೆಯಿರಲಿಲ್ಲವೆಂದು ಅಲ್ಲಿಯವರೆಗೆ ತಿಳಿದಿದ್ದೆ... ಇತ್ತು, ನನಗಿಂತ ಹೆಚ್ಚೇ ಇತ್ತು. ಹೆದರಿಕೊಂಡೇ ಅವರು ಆ ನೇಮ ಹಿಡಿದಿದ್ದರು. ಅಂಥದ್ದರ ಎದುರು ಯಾವ ವಾದ ಹೂಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಮುಂಜಾನೆ ಹೂ ತೆಗೆದು, ಕೈಮುಗಿದು, ಗುಂಡಿಯನ್ನು ತಾವೇ ಒತ್ತಿದರು. ಎದ್ದಿತು. ನಾನು ಖಾಲಿ ಡಿಸ್ಕ್ ಜೋಡಿಸಿ ವಿಂಡೋಸನ್ನು ಎಬ್ಬಿಸಿದೆ. ಹೊಸ ಸಾಮಾನೊಂದು ಕಂಡಿದೆಯೆಂದು ಪರದೆಯ ಮೂಲೆಯಲ್ಲಿ ಸಣ್ಣ ಚೀಟಿ ತೇಲಿತು. ಅಷ್ಟರಲ್ಲಿ ಧೂಳು ಕಾಯುವ ವಾಸನೆ. ಕಾಕು ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಬಾಯಿಗೇ ಇಟ್ಟರು. ವಿಂಡೋಸನ್ನು ಮಲಗಿಸಿ, ಡಿಸ್ಕಿನ ಫೈಲನ್ನು ಹೊರಗೆ ನಕಲು ಮಾಡತೊಡಗಿದೆ. ಪರದೆಯ ಮೇಲಿನ ಹಸಿರು ಪಟ್ಟಿ ಇರುವೆಯಂತೆ ಹರಿಯುತ್ತಿತ್ತು. ಅಂಗಳದಲ್ಲಿ ಯಾರೋ “ರಟ್ಟ ಆದೂ ಏನ್ರೀ?” ಎಂದರು. “ಕುಂದರ್ರಿ, ಚಾ ಕುಡದ ಹೋಗ್ರಿ,” ಎಂದು ಕಾಕು ಇಲ್ಲಿಂದಲೇ ಕೂಗಿದರು. ಒಲೆಯ ಮೇಲೆ ಚಹಾ ಇರಲೇ ಇಲ್ಲ. ಯಂತ್ರದ ಫ್ಯಾನ್ ಗೊಗ್ಗರಾಯಿತು, ನಿಂತಿತು, ಮತ್ತೆ ತಿರುಗಿತು. ಇಬ್ಬರೂ ಪರದೆಯನ್ನು ನೋಡಲಿಲ್ಲ, ಒಬ್ಬರನ್ನೊಬ್ಬರೂ ನೋಡಲಿಲ್ಲ.

ಪಟ್ಟಿ ತುಂಬಿತು. ಹೊಸ ಕಂಪ್ಯೂಟರಿನಲ್ಲಿ ಆ ಫೈಲನ್ನು ಹೊಸ ಕಂಟ್ರೋಲರಿಗೆ ಜೋಡಿಸಿ ಚಾಲೂ ಮಾಡಿದೆ. ಕಪ್ಪು ಪರದೆ... ಮಿನುಗುವ ಒಂದು ಗೆರೆ... ಕಾಕು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

“ದಡಿ ಬಂತೇನ?”

“ಬಂತ್ರಿ.”

ತಿರುಗಿ ನೋಡಿದರು. ಕೆಂಪು ಚೌಕಗಳ ಸಾಲು ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಒಂದ ದಿನಾ ಕುಂತು ದಣಿವ ಆರಿಸ್ಕೊಂತು, ಅದಕ್ಕ ಎದ್ದೈತಿ.”

“ತಣ್ಣಗಾಗಿತ್ತು ಕಾಕೂ, ಅಷ್ಟ.”

“ನಾನೂ ಅದನ್ನ ಅಂದೆ.”

ಪೂಜೆಯಿಂದ ಯಂತ್ರ ಎದ್ದಿತೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಪೂಜೆಯ ದಿನವೇ ಒತ್ತಾಯದಿಂದ ಎಬ್ಬಿಸಿದ್ದರೆ ಎದ್ದೇ ಏಳುತ್ತಿತ್ತೆಂದು ಸಾಧಿಸಲೂ ನನ್ನ ಬಳಿ ಏನೂ ಇಲ್ಲ. ಆ ವರ್ಷದ ದೀಪಾವಳಿಗೆ ಓಣಿಯ ಮಗ್ಗಗಳು ಕಾಕುವಿನ ದಡಿಗಳನ್ನೇ ನೇಯ್ದವು.

ಹೋದ ವರ್ಷ ಕಾಕು ತೀರಿಕೊಂಡರು. ಆ ಫೈಲ್ ಈಗ ನನ್ನ ಲ್ಯಾಪ್‌ಟಾಪಿನಲ್ಲಿದೆ, ಕರೆದಾಗಲೆಲ್ಲ ಎದ್ದು ಕೂರುತ್ತದೆ. ಕಳೆದ ವಾರ ಊರಿಗೆ ಹೋಗುವ ಬಸ್ಸು ನೇಸರಗಿ ದಾಟುವಾಗ ನೇಕಾರರೊಬ್ಬರ ಫೋನ್ ಬಂತು. “ಅಕ್ಕಾರ, ನಿಮ್ಮ ಕಾಕೂನ ‘ಸೋಮವ್ವನ ದಡಿ’ ಬೇಕಾಗಿತ್ತು.” ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ. ಡಿಸೈನುಗಳೆಲ್ಲ ಇದ್ದವು, ಒಂದೂ ಕೆಟ್ಟಿರಲಿಲ್ಲ. ಎಲ್ಲದಕ್ಕೂ ಬರೀ ನಂಬರು, ಹೆಸರುಗಳಿದ್ದದ್ದು ಕಾಕುವಿನ ಬಾಯಲ್ಲಿ. ಒಂದೊಂದಾಗಿ ತೆರೆದು ನೋಡಿದೆ... ಯಾವುದು ಸೋಮವ್ವನದು? ಸೋಮವ್ವ ಯಾರು? ಆ ಕಡೆಯವರು ಕಾಯುತ್ತಿದ್ದರು.

“ಒಂದ ನಿಮಿಷ ತಡೀರಿ,” ಎಂದೆ. “ಕಾಕೂನ ಕೇಳಿ ಹೇಳತೇನಿ.”

ಹೇಳಿದ ಮೇಲೆ ನೆನಪಾಯಿತು, ಕೇಳಲು ಕಾಕು ಇರಲಿಲ್ಲ. ಫೋನನ್ನು ಕಿವಿಗೇ ಹಿಡಿದು ಮುಂದಿನ ನಂಬರು ತೆರೆದೆ.