ಜಹಾನಾರಾ ಕೇಳುತ್ತಿದ್ದ ಗರಗಸ

ನಿಯಾಜಣ್ಣನ ಕಿವಿ ಒಂದೇ ದಿನ ಹೋದದ್ದಲ್ಲ. ಮೀಸೆ ಮೂಡುವ ಮೊದಲೇ ದಾವಣಗೆರೆಯ ಒಂದು ಸಾಮಿಲ್ಲಿಗೆ ಸೇರಿದ ನಿಯಾಜ್ ಅಹಮದ್, ತಲೆ ನರೆಯುವ ತನಕ ಅಲ್ಲೇ ದಿಮ್ಮಿ ಕೊಯ್ದರು. ಮೊದಲು ಗುಬ್ಬಿಗಳ ದನಿ ನಿಂತಿತು. ಆಮೇಲೆ ಜೇಬಿನ ಫೋನು ಹೊಡೆದುಕೊಂಡರೂ ಗೊತ್ತಾಗದಂತಾಯಿತು. ಕೊನೆಗೆ ಗರಗಸದ ಸದ್ದೇ ದೂರದಲ್ಲಿ ಎಲ್ಲೋ ಗಿರಣಿ ಓಡುತ್ತಿರುವ ಹಾಗೆ ಮಂದವಾಯಿತು. ಗರಗಸದವನಿಗೆ ಕಿವಿಯೇ ಅರ್ಧ ಕೆಲಸ. ಬ್ಲೇಡು ಮೊಂಡಾಗಿದೆಯೋ, ಮರದೊಳಗೆ ಗಂಟು ಬಂತೋ ಅಂತ ಸದ್ದೇ ಹೇಳಬೇಕು. ಅದು ಹೋದ ಮೇಲೆ ಅವರನ್ನು ಹಲಗೆ ಜೋಡಿಸುವ ಕೆಲಸಕ್ಕೆ ಹಾಕಿದರು. ಯಾರೂ ಅವಮಾನ ಮಾಡಲಿಲ್ಲ, ಆದರೂ ಅವರಿಗೆ ಮನಸ್ಸು ಕೂರಲಿಲ್ಲ. ಬಿಟ್ಟು ನಮ್ಮೂರು ಕೆರೆಬಿಳಚಿಗೆ ಬಂದರು.

ಅವರ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆ. ಬಂದವರು ಸುಮ್ಮನೆ ಕೂರಲಿಲ್ಲ. ಗುಜರಿಯಿಂದ ಹಳೇ ಕಾರಿನ ಎರಡು ಚಕ್ರ ತಂದರು, ಯಾರೋ ಮೂಲೆಗೆ ಎಸೆದಿದ್ದ ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ ತಂದರು, ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದರು. ಹಿತ್ತಲಲ್ಲಿ ಒಂದು ತಗಡಿನ ಚಪ್ಪರ ಎದ್ದಿತು. ಅದರ ಕೆಳಗೆ ಎರಡು ಹಳಿ, ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಒಂದು ಗಾಡಿ, ಗಾಡಿಯಲ್ಲಿ ಆ ಎರಡು ಚಕ್ರ, ಚಕ್ರಗಳಿಗೆ ಸುತ್ತಿದ ಉದ್ದನೆಯ ಪಟ್ಟಿ ಗರಗಸ. ದಿಮ್ಮಿ ಹಳಿಯ ನಡುವೆ ಮಲಗಿರುತ್ತದೆ, ಗರಗಸ ಅದರ ಮೇಲೆ ಸವರಿಕೊಂಡು ಹೋಗಿ ಹಲಗೆ ಬಿಡಿಸುತ್ತದೆ. ರೈತರ ಸ್ವಂತ ಮರ ಕೊಯ್ಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೆಂದು ಚನ್ನಗಿರಿಗೂ ದಾವಣಗೆರೆಗೂ ಓಡಾಡಿ ಅವರ ಒಂದು ಜೊತೆ ಚಪ್ಪಲಿ ಸವೆಯಿತು.

ಈ ಇಡೀ ಸಂಭ್ರಮದಲ್ಲಿ ಸಿಟ್ಟಾಗಿದ್ದವರು ಒಬ್ಬರೇ, ಅವರ ಹೆಂಡತಿ ಜಹಾನಾರಕ್ಕ. ಅವರು ಮದುವೆಯಾಗಿ ಬಂದ ದಿನದಿಂದ ಬೀಡಿ ಕಟ್ಟಿದವರು. ಮೊರದಲ್ಲಿ ಎಲೆ, ಮಡಿಲಲ್ಲಿ ಮೊರ, ಬಾಗಿಲ ಬೆಳಕಿಗೆ ಮುಖ. ಈಗ ಆ ಬಾಗಿಲಿನ ಆಚೆಗೇ ಗರಗಸ ಕಿರುಚತೊಡಗಿತು.

“ತಲೆ ಸಿಡೀತೈತೆ, ಇದನ್ನ ಊರಾಚೆ ಇಟ್ಕಳ್ರೀ!” ಅಂತ ಅವರು ಕೂಗುತ್ತಿದ್ದರು.

ನಿಯಾಜಣ್ಣ ಕೆಲಸದ ಮೇಲೆ ಬಗ್ಗಿರುತ್ತಿದ್ದರು. ಅವರಿಗೆ ಗರಗಸವೂ ಕೇಳುತ್ತಿರಲಿಲ್ಲ, ಹೆಂಡತಿಯೂ ಕೇಳುತ್ತಿರಲಿಲ್ಲ. ಎದುರಿಗೆ ನಿಂತು ತುಟಿ ಆಡಿಸಿದರೆ ಮಾತ್ರ ಪ್ರತಿ ಮಾತೂ ಗೊತ್ತಾಗುತ್ತಿತ್ತು. ಹಾಗಾಗಿ ಬೈಸಿಕೊಳ್ಳುವ ಸಮಯ ಬಂದಾಗ ಅವರು ಬೇಕೆಂದೇ ಬೆನ್ನು ತಿರುಗಿಸುತ್ತಿದ್ದರು ಎಂದು ಜಹಾನಾರಕ್ಕನ ದೂರು. ಅದು ಸುಳ್ಳೇನಲ್ಲ, ನಾನೇ ನೋಡಿದ್ದೇನೆ.

ಒಂದು ಮಧ್ಯಾಹ್ನ ಜಹಾನಾರಕ್ಕ ಚಪಾತಿಗೆ ಹಿಟ್ಟು ಉಂಡೆ ಕಟ್ಟುತ್ತಿದ್ದರು. ಹಿತ್ತಲಲ್ಲಿ ಮಾವಿನ ದಿಮ್ಮಿ ಕೊಯ್ಯುವುದು ನಡೆದಿತ್ತು. ದಿನಾ ಕೇಳಿ ಕೇಳಿ ಅವರಿಗೇ ಗೊತ್ತಿಲ್ಲದೆ ಆ ಸದ್ದು ಕಿವಿಗೆ ಪಾಠವಾಗಿತ್ತು. ಇದ್ದಕ್ಕಿದ್ದ ಹಾಗೆ ಸದ್ದು ಬದಲಾಯಿತು, ಹೊಟ್ಟೆನೋವಿನ ಕೂಸು ಬಿಕ್ಕಿ ಬಿಕ್ಕಿ ಅತ್ತಂತೆ. ಅವರು ಹಿತ್ತಲಿಗೆ ಓಡಿ, “ನಿಲ್ಸ್ರೀ! ನಿಲ್ಸ್ರೀ!” ಎಂದು ಕೂಗಿದರು. ನಿಯಾಜಣ್ಣ ಬೆನ್ನು ಹಾಕಿ ಗಾಡಿ ತಳ್ಳುತ್ತಲೇ ಇದ್ದರು. ಹತ್ತಿರ ಹೋಗಲು ಭಯ. ಕೈಯಲ್ಲಿ ಇದ್ದದ್ದು ಹಿಟ್ಟಿನ ಉಂಡೆ. ಅದನ್ನೇ ಬೀಸಿ ಎಸೆದರು. ಅದು ಹೋಗಿ ನೇರ ಗಂಡನ ಕತ್ತಿಗೆ ಬಡಿಯಿತು.

ನಿಯಾಜಣ್ಣ ಬೆಚ್ಚಿ ಇಂಜಿನ್ ನಿಲ್ಲಿಸಿ ತಿರುಗಿದರು. ಹೆಂಡತಿ ಚಕ್ರದ ಕಡೆ ಕೈ ತೋರಿಸುತ್ತಿದ್ದರು. ನೋಡಿದರೆ ಗರಗಸದ ಪಟ್ಟಿ ಚಕ್ರದ ಅಂಚಿಗೆ ಸರಿದು, ಇನ್ನೇನು ಕಳಚಿ ಹಾರುವುದರಲ್ಲಿತ್ತು. ಹಾರಿದ್ದರೆ ಅವರ ಎದೆಗೇ ಬರುತ್ತಿತ್ತು. ಅವರು ಕತ್ತಿಗೆ ಅಂಟಿದ ಹಿಟ್ಟು ಒರೆಸಿಕೊಳ್ಳುತ್ತಾ ಬಹಳ ಹೊತ್ತು ದಿಮ್ಮಿಯ ಮೇಲೆ ಕೂತರು.

“ನಿಂಗೆ ಹೆಂಗೆ ಗೊತ್ತಾತು?”

“ಕೇಳಿಸ್ತು.”

“ಏನು ಕೇಳಿಸ್ತು?”

“ಅಳ್ತಾ ಇತ್ತು.”

ಮರುದಿನದಿಂದ ಜಹಾನಾರಕ್ಕ ಚಪ್ಪರದ ಕಂಬದ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು. ಮೊದಮೊದಲು ಬೀಡಿ ಮೊರವನ್ನೂ ಜೊತೆಗೆ ತಂದಿದ್ದರು. ಆಮೇಲೆ ಮೊರ ಒಳಗೇ ಉಳಿಯಿತು. ಗರಗಸ ಸಲೀಸಾಗಿ ಓಡುವಾಗ ಕಾದ ಹಂಚಿನ ಮೇಲೆ ದೋಸೆ ಹಿಟ್ಟು ಹೊಯ್ದ ಹಾಗೆ, ಮೊಂಡಾದರೆ ಹಳೇ ಮಿಕ್ಸಿಯಲ್ಲಿ ಕೊಬ್ಬರಿ ಹಾಕಿದ ಹಾಗೆ, ಗಂಟು ಸಿಕ್ಕರೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಅವರು ಸದ್ದನ್ನು ಹೀಗೇ ಗುರುತು ಇಟ್ಟುಕೊಂಡಿದ್ದರು. ಅಂಗೈ ಕೆಳಗೆ ಮಾಡಿದರೆ ನಿಧಾನ, ಮುಷ್ಟಿ ಹಿಡಿದರೆ ನಿಲ್ಲಿಸು, ದುಪಟ್ಟದ ಅಂಚು ಬೀಸಿದರೆ ಬ್ಲೇಡು ಬದಲಿಸು. ನಿಯಾಜಣ್ಣ ಒಂದು ಕಣ್ಣು ಮರದ ಮೇಲೆ, ಒಂದು ಕಣ್ಣು ಹೆಂಡತಿಯ ಕೈ ಮೇಲೆ ಇಟ್ಟು ಗಾಡಿ ತಳ್ಳುತ್ತಿದ್ದರು.

ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ದಿಮ್ಮಿ ಬರತೊಡಗಿದವು. ಬಂದವರು ನಿಯಾಜಣ್ಣನ ಹತ್ತಿರ ಕೂಗಿ ಮಾತಾಡಿ ಸುಸ್ತಾಗಿ, ಕೊನೆಗೆ ಜಹಾನಾರಕ್ಕನ ಕಡೆ ತಿರುಗುತ್ತಿದ್ದರು. “ಅಕ್ಕಾ, ಇದ್ರಾಗೆ ಬಾಗಿಲು ಆಗ್ತೈತಾ?” “ಈ ಹಲಸು ಸೀಳು ಬಿಟ್ಟೈತೆ, ಏನು ಮಾಡಾನ?” ಯಾರಾದರೂ ತನ್ನನ್ನು ಹೀಗೆ ಕೇಳುವುದು ಅವರಿಗೆ ಹೊಸದು. ತಲೆಗೆ ದುಪಟ್ಟ ಬಿಗಿಮಾಡಿಕೊಂಡು, ದಿಮ್ಮಿಯ ಸುತ್ತ ಒಂದು ಸುತ್ತು ಹಾಕಿ, ಗಂಡನನ್ನು ವಿಚಾರಿಸಿ ಹೇಳುತ್ತಿದ್ದರು. ಕ್ರಮೇಣ ವಿಚಾರಿಸುವುದೂ ಕಡಿಮೆಯಾಯಿತು.

ಕಳೆದ ಚಳಿಗಾಲದಲ್ಲಿ ಕತ್ತಲಗೆರೆಯಿಂದ ಬಂಗಾರಮ್ಮ ಎಂಬ ಹಿರಿಯರು ಒಂದು ಬೇವಿನ ದಿಮ್ಮಿ ತಂದರು. ಅವರ ಮನೆ ಮುಂದಿನ ಮರವಂತೆ, ಹಿಂದಿನ ವರ್ಷ ಗಾಳಿಗೆ ಬಿದ್ದು ಅಂಗಳದಲ್ಲೇ ಒಣಗಿತ್ತು. ಮೊಮ್ಮಗಳು ಚೈತ್ರಶ್ರೀ ಹೆರಿಗೆಗೆ ಬರುವವಳಿದ್ದಳು.

“ಬಾಣಂತಿ ಮಲಗಾಕೆ ಬೇವಿನ ಮಂಚನೇ ಆಗ್ಬೇಕು ನನಗೆ,” ಅಂದರು ಬಂಗಾರಮ್ಮ. “ಬಡಗಿ ಕಾಯ್ತಾ ಕುಂತಾನೆ. ಬೇಗ ಬಿಡಿಸಿಕೊಡವ್ವ.”

ಆ ದಿಮ್ಮಿ ಅರ್ಧ ಕೊಯ್ದಿರುವಾಗಲೇ ಹೊನ್ನಾಳಿಗೆ ಕೊಟ್ಟಿದ್ದ ಮಗಳು ನುಜಹತ್ ಬಂದಳು. ಚನ್ನಗಿರಿಯಲ್ಲಿ ಕಿವಿ ತಪಾಸಣೆಯ ಶಿಬಿರ ಇದೆ, ಅಬ್ಬಾಗೆ ಮೆಷಿನ್ ಹಾಕಿಸೋಣ ಅಂತ ಇಬ್ಬರನ್ನೂ ಕರೆದುಕೊಂಡು ಹೋದಳು.

ಡಾಕ್ಟರಮ್ಮ ನಿಯಾಜಣ್ಣನ ಕಿವಿ ನೋಡಿ, ಶ್ರವಣ ಸಾಧನ ಹಾಕಿದರೆ ಸ್ವಲ್ಪ ಕೇಳುತ್ತದೆ, ಆದರೆ ಗರಗಸ ಓಡುವಾಗ ಅದನ್ನು ಹಾಕಿಕೊಳ್ಳಲೇಬಾರದು ಎಂದರು. ಬಂದಿದ್ದೀರಲ್ಲ ಎಂದು ಜಹಾನಾರಕ್ಕನನ್ನೂ ಕೂರಿಸಿ ಪರೀಕ್ಷೆ ಮಾಡಿದರು. ಆಮೇಲೆ ಮೆತ್ತಗೆ ಹೇಳಿದರು: “ಅಮ್ಮಾ, ನಿಮ್ಮ ಕಿವಿಗೂ ಪೆಟ್ಟು ಬಿದ್ದಿದೆ. ಸಣ್ಣ ಸದ್ದುಗಳು ಆಗಲೇ ಹೋಗ್ತಿವೆ. ಹೀಗೇ ಕೂತರೆ ನೀವೂ ನಿಮ್ಮ ಯಜಮಾನರ ಹಾಗೇ ಆಗ್ತೀರಿ.”

ನಿಯಾಜಣ್ಣ ಬಾಗಿಲ ಹತ್ತಿರ ಬೆಂಚಿನ ಮೇಲೆ, ಇಬ್ಬರ ಮುಖವೂ ಕಾಣುವ ಹಾಗೆ ಕೂತಿದ್ದರು. ಜಹಾನಾರಕ್ಕ ಮಗಳ ಕೈ ಹಿಡಿದು, “ಅಬ್ಬಾಗೆ ಹೇಳಬ್ಯಾಡ,” ಅಂದರು. ಅಂದದ್ದು ಪಿಸುಮಾತಿನಲ್ಲೇ. ಆದರೆ ಗಂಡನಿಗೆ ಪಿಸುಮಾತಿಗೂ ಕೂಗಿಗೂ ವ್ಯತ್ಯಾಸ ಇಲ್ಲ, ಅವರು ಓದುವುದು ತುಟಿಯನ್ನು ಎಂಬುದು ಆ ಗಾಬರಿಯಲ್ಲಿ ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ಇಂಜಿನ್ ಚಾಲೂ ಆಗಲಿಲ್ಲ. ಅದರ ಮರುದಿನವೂ ಇಲ್ಲ. ಬೇವಿನ ದಿಮ್ಮಿ ಹಳಿಗಳ ನಡುವೆ ಅರ್ಧ ಸೀಳಿಸಿಕೊಂಡು ಬಿದ್ದಿತ್ತು.

“ಯಾಕೆ ಸುಮ್ನೆ ಕುಂತೀರಿ? ಆ ಅಜ್ಜಿ ಕಾಯ್ತಾ ಐತೆ,” ಅಂದರು ಜಹಾನಾರಕ್ಕ.

“ಮೈ ಸರಿಯಿಲ್ಲ.”

ಅಷ್ಟರಲ್ಲಿ ಬಂಗಾರಮ್ಮನೇ ಬಂದುಬಿಟ್ಟರು. ಮಲಗಿದ್ದ ದಿಮ್ಮಿ ನೋಡಿ ಅವರ ಮುಖ ಇಳಿಯಿತು. ಜಹಾನಾರಕ್ಕನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಗೋಡೆಗೆ ಒರಗಿಸಿದ್ದ ಹ್ಯಾಂಡಲ್ ತಗೊಂಡು ತಾವೇ ಇಂಜಿನ್ ತಿರುವತೊಡಗಿದರು. ನಿಯಾಜಣ್ಣ ಎದ್ದು ಬಂದು ಆ ಹ್ಯಾಂಡಲ್ಲನ್ನು ಅವರ ಕೈಯಿಂದ ಕಿತ್ತುಕೊಂಡರು. ಅವರು ಹೆಂಡತಿಯ ಜೊತೆ ಅಷ್ಟು ಒರಟಾಗಿ ನಡೆದುಕೊಂಡದ್ದನ್ನು ಬೀದಿಯವರು ಯಾರೂ ಕಂಡಿರಲಿಲ್ಲ.

“ನನ್ನ ಕಿವಿ ಹೋತು, ಸಾಕು!” ಕಿವಿ ಕೇಳದವರು ಆಡುವ ಹಾಗೆ ಗಟ್ಟಿಯಾಗಿ ಕೂಗಿದರು. “ನಿನ್ನವೂ ಹೋದ್ರೆ ಈ ಮನ್ಯಾಗೆ ಬಾಗಿಲು ಬಡಿದ್ರೆ ಕೇಳೋರು ಯಾರು? ನುಜಹತ್ ಫೋನ್ ಮಾಡಿದ್ರೆ ಯಾರು ಎತ್ತೋರು? ಹೇಳಬ್ಯಾಡ ಅಂತೀಯಾ ನೀನು. ನಾನು ಕಿವುಡ, ಕುರುಡ ಅಲ್ಲ!”

ಜಹಾನಾರಕ್ಕ ಗಂಡನ ಎದುರಿಗೆ ಬಂದು, ತುಟಿ ಸರಿಯಾಗಿ ಕಾಣುವಂತೆ ನಿಧಾನವಾಗಿ ಹೇಳಿದರು: “ಹಂಗಾದ್ರೆ ನಾನು ಮತ್ತೆ ಮೊರ ಹಿಡಕಂಡು ಕುಂದ್ರಬೇಕಾ? ಇಷ್ಟು ದಿನ ಮಡಿಲು ನೋಡ್ಕಂತ ಕುಂತಿದ್ದೆ ನಾನು. ಇಲ್ಲಿ ಜನ ಬಂದು ನನ್ನ ಕೇಳ್ತಾರೆ. ನೀವು ನನ್ನ ಕೈ ನೋಡ್ಕಂಡು ಕೆಲಸ ಮಾಡ್ತೀರಿ. ಅದನ್ನೂ ತಗಂತೀರಾ?”

ಗರಗಸದ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಬೈಯುತ್ತಿದ್ದ ಹೆಂಗಸು ಹೀಗಂದದ್ದು ನಿಯಾಜಣ್ಣನಿಗೆ ಅನಿರೀಕ್ಷಿತ. ಹ್ಯಾಂಡಲ್ ಹಿಡಿದುಕೊಂಡೇ ನಿಂತರು. ನಡುವೆ ಸಿಕ್ಕಿಕೊಂಡಿದ್ದ ಬಂಗಾರಮ್ಮ, “ಮಂಚ ತಡ ಆದ್ರೂ ಆಗ್ಲಪ್ಪ, ನೀವು ಮೊದ್ಲು ಉಣ್ಣಿ,” ಅಂದು, ತಂದಿದ್ದ ಅವರೆಕಾಯಿಯ ಚೀಲ ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದರು.

ಬೆಳಗಾದ ಮೇಲೆ ನಿಯಾಜಣ್ಣ ಯಾರಿಗೂ ಹೇಳದೆ ದಾವಣಗೆರೆಗೆ ಹೋದರು. ಸಂಜೆಯ ಹೊತ್ತಿಗೆ ಎರಡು ಕಿವಿಮುಚ್ಚಿಗೆ ತಂದರು, ದೊಡ್ಡ ಯಂತ್ರಗಳ ಹತ್ತಿರ ಕೆಲಸ ಮಾಡುವವರು ತಲೆಯ ಮೇಲೆ ಹಾಕಿಕೊಳ್ಳುವಂಥವು. ತಮಗೊಂದು ಇಟ್ಟುಕೊಂಡು, ಇನ್ನೊಂದನ್ನು ತಾವೇ ಹೆಂಡತಿಯ ದುಪಟ್ಟದ ಒಳಗೆ ಜೋಡಿಸಿ, ಕೂದಲು ಸಿಕ್ಕಿಕೊಂಡಿದೆಯೇ ಅಂತ ಬೆರಳಲ್ಲಿ ಸವರಿ ನೋಡಿದರು. ಇಂಜಿನ್ನಿನ ಹೊಗೆಕೊಳವೆಗೆ ಉದ್ದನೆಯ ಪೈಪು ಸೇರಿಸಿ, ಅದರ ಸದ್ದು ಗೋಡೆಯಾಚೆಯ ಗುಂಡಿಗೆ ಹೋಗುವ ಹಾಗೆ ಮಾಡಿದರು.

ಆದರೆ ಅದರಿಂದ ಎಲ್ಲಾ ಸರಿಹೋಗಲಿಲ್ಲ. ಕಿವಿಮುಚ್ಚಿಗೆ ಹಾಕಿಕೊಂಡು ಕೊಯ್ದ ಮೊದಲನೇ ಹಲಗೆ ಹಾವು ಹರಿದಂತೆ ಅಂಕುಡೊಂಕಾಗಿ ಬಂತು. ಬ್ಲೇಡು ಮೊಂಡಾಗಿದ್ದರ ಸೂಕ್ಷ್ಮ ಜಹಾನಾರಕ್ಕನಿಗೆ ತಿಳಿದಿರಲಿಲ್ಲ. ಅವರು ಮುಚ್ಚಿಗೆ ಕಿತ್ತೆಸೆಯಲು ಹೋದರು. ನಿಯಾಜಣ್ಣ ಬೇಡ ಎಂದು ಕೈ ಹಿಡಿದು, ಆ ಕೈಯನ್ನು ತಂದು ಗಾಡಿಯ ಕಬ್ಬಿಣದ ಹಿಂಭಾಗಕ್ಕೆ, ಗರಗಸದಿಂದ ದೂರಕ್ಕೆ, ಒತ್ತಿ ಇಟ್ಟರು.

“ನನ್ನ ಕೈ ದಡ್ಡುಗಟ್ಟೈತೆ, ಏನೂ ಗೊತ್ತಾಗಲ್ಲ. ನಿಂದು ಬೀಡಿ ಎಲೆ ಹಿಡಿದ ಬೆರಳು. ಇಲ್ಲಿ ಇಟ್ಟು ನೋಡು.”

ಇಂಜಿನ್ ಚಾಲೂ ಆಯಿತು. ಜಹಾನಾರಕ್ಕ ಗಾಡಿಯ ಜೊತೆಗೇ ಹೆಜ್ಜೆ ಹಾಕುತ್ತಾ, ಬೆರಳ ತುದಿ ಕಬ್ಬಿಣಕ್ಕೆ ತಾಗಿಸಿ ಕಣ್ಣು ಅರೆಮುಚ್ಚಿದರು. ಮೊದಲು ಬರೀ ನಡುಕ. ಒಂದು ಚೂರು ಸೌದೆಮರ ತಂದು ಅದರಲ್ಲೇ ಸಂಜೆ ತನಕ ಕೊಯ್ದು ಕೊಯ್ದು ನೋಡಿದರು. ಆಮೇಲೆ ನಡುಕದೊಳಗೆ ಬೇರೆ ಬೇರೆ ನಡುಕ ಇದೆ ಎಂದು ಗೊತ್ತಾಯಿತು. ಗಂಟು ಬರುವ ಮುಂಚೆ ಬೆರಳಿಗೆ ಚಿವುಟಿದಂತೆ, ಬ್ಲೇಡು ಮೊಂಡಾದರೆ ಅಂಗೈಯಲ್ಲಿ ಇರುವೆ ಹರಿದಂತೆ. ಮುಚ್ಚಿಗೆಯ ಒಳಗೂ ಒಂದಿಷ್ಟು ಸದ್ದು ಬರುತ್ತಿತ್ತು. ಎರಡೂ ಸೇರಿ ಸಾಕಾಯಿತು.

ಬೇವಿನ ಉಳಿದರ್ಧ ದಿಮ್ಮಿ ಕೊಯ್ದ ದಿನ ನಾನೂ ಅಲ್ಲಿದ್ದೆ. ಕಹಿ ವಾಸನೆ ಬೀದಿಗೆಲ್ಲ ಹರಡಿತ್ತು. ಕೊನೆಯ ಹಲಗೆ ಬಿಡಿಸಿಕೊಂಡು ಬಂದಾಗ ನಿಯಾಜಣ್ಣ ಅದರ ಮೈ ಸವರಿ, ಹೆಂಡತಿಯ ಕಡೆ ನೋಡಿ ತಲೆಯಾಡಿಸಿದರು. ಹಲಗೆಯ ನಡುವಿನ ಕೆಂಪು ಕೆಚ್ಚು ಒದ್ದೆ ಇಟ್ಟಿಗೆಯ ಹಾಗೆ ಹೊಳೆಯುತ್ತಿತ್ತು. ಜಹಾನಾರಕ್ಕ ತಲೆ ತುಂಬ ಮರದ ಪುಡಿ ಹೊತ್ತು ನಗುತ್ತಿದ್ದರು.

ಮಂಚ ಹೆರಿಗೆಗೆ ಮುಂಚೆಯೇ ತಯಾರಾಯಿತು. ಕೂಸಿಗೆ ತಿಂಗಳಾದ ಮೇಲೆ ಗಂಡ ಹೆಂಡತಿ ಇಬ್ಬರೂ ಕತ್ತಲಗೆರೆಗೆ ನೋಡಲು ಹೋದರು. ಶಿಬಿರದವರು ಕೊಟ್ಟ ಶ್ರವಣ ಸಾಧನ ಆ ಹೊತ್ತಿಗೆ ಬಂದಿತ್ತು. ನಿಯಾಜಣ್ಣ ಅದನ್ನು ಹಾಕಿಕೊಂಡು ಹೊಸಬರ ಹಾಗೆ ಗಂಭೀರವಾಗಿ ಕೂತಿದ್ದರು. ಚೈತ್ರಶ್ರೀ ಮಂಚದ ಮೇಲೆ ಕಾಲು ಮಡಿಸಿಕೊಂಡು ಕೂತು, ಕೂಸನ್ನು ಜಹಾನಾರಕ್ಕನ ಮಡಿಲಿಗೆ ಕೊಟ್ಟಳು. ಮಡಿಲು ಬದಲಾದದ್ದೇ ಕೂಸು ಬಾಯಿ ತೆರೆದು ಅತ್ತಿತು.

ನಿಯಾಜಣ್ಣ ಥಟ್ಟನೆ ಕತ್ತೆತ್ತಿದರು. “ಏ, ಕೇಳಿಸ್ತೈತೆ!” ಅಂದರು. ಕೂಸಿನ ದನಿ ಅವರ ಕಿವಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ನುಜಹತ್‌ಳ ಮಕ್ಕಳು ಅತ್ತದ್ದನ್ನು ಅವರು ಬಾಯಿ ನೋಡಿಯೇ ತಿಳಿದಿದ್ದು. “ಎಷ್ಟು ಜೋರೈತೆ ನೋಡು! ಬಿಡು, ಅಳ್ಳಿ, ಸುಮ್ನಿರಿಸಬ್ಯಾಡ,” ಅಂತ ಅವರು ಅನ್ನುವುದೂ, ಜಹಾನಾರಕ್ಕ “ಅಯ್ಯೋ, ಮಗು ಅಳೋದು ನಿಮಗೆ ತಮಾಷೆನಾ?” ಅಂತ ಗದರುವುದೂ, ಬಂಗಾರಮ್ಮ ಸೆರಗು ಬಾಯಿಗೆ ಹಿಡಿದು ನಗುವುದೂ ಒಟ್ಟಿಗೇ ನಡೆಯಿತಂತೆ.

ಹೊರಡುವಾಗ ಬಂಗಾರಮ್ಮ ಹೊಲದ ಬದುವಿನಲ್ಲಿ ಒಣಗಿ ನಿಂತ ಹುಣಸೆಮರ ತೋರಿಸಿದರು. ಜಹಾನಾರಕ್ಕ ಅದರ ಸುತ್ತ ಒಂದು ಸುತ್ತು ಬಂದು, ಬುಡಕ್ಕೆ ಕೈ ಅಳತೆ ಹಾಕಿ, “ನಮ್ಮ ಗಾಡಿಗೆ ಹಿಡಿಯಲ್ಲ, ಎರಡಾಗಿ ಸೀಳಿಸ್ಕಂಡು ತಗಂಬರ್ರಿ,” ಅಂದರು. ಹಿಡಿಯುತ್ತದೆ ಎಂದು ನಿಯಾಜಣ್ಣ. ಬಸ್ ಸ್ಟಾಪಿನ ತನಕ ಇಬ್ಬರದೂ ಅದೇ ವಾದ. ಬಸ್ಸು ಬಂದ ಮೇಲೂ ಮುಗಿಯಲಿಲ್ಲ. ಈ ಸಲ ಕಿವಿಯಲ್ಲಿ ಮೆಷಿನ್ ಇತ್ತು, ನಿಯಾಜಣ್ಣ ಬೆನ್ನು ತಿರುಗಿಸಿದರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.